ವಿಕ್ಕಾ: ಹಳೆಯದೆಂದು ಹೇಳಿಕೊಂಡ ಹೊಸ ಧರ್ಮ

ತಮ್ಮನ್ನು ಮಾಟಗಾರರೆಂದು ಕರೆದುಕೊಳ್ಳುವ ವಿಕ್ಕಾ ಧರ್ಮದ ಅನುಯಾಯಿಗಳಲ್ಲಿ ಬಹಳ ಮಂದಿ, ತಮ್ಮದು ಕ್ರೈಸ್ತಮತಕ್ಕಿಂತಲೂ ಎಷ್ಟೋ ಹಿಂದಿನದು, ಶಿಲಾಯುಗದಿಂದ ಗುಟ್ಟಾಗಿ ಉಳಿದುಬಂದ ಯುರೋಪಿನ ಆದಿಧರ್ಮ ಎಂದು ದಶಕಗಳ ಕಾಲ ನಂಬಿದ್ದರು. ಸಿಕ್ಕ ಕಾಗದಪತ್ರಗಳನ್ನೆಲ್ಲ ಜಾಲಾಡಿದ ಇತಿಹಾಸಕಾರರು ಮಾತ್ರ, ಇಂದು ನಾವು ಕಾಣುವ ವಿಕ್ಕಾ 20ನೇ ಶತಮಾನದ ನಡುವಿನಲ್ಲಿ ದಕ್ಷಿಣ ಇಂಗ್ಲೆಂಡಿನಲ್ಲಿ ರೂಪುಗೊಂಡದ್ದು ಎನ್ನುತ್ತಾರೆ. ಅದರಲ್ಲೂ ಸೋಜಿಗವೆಂದರೆ, ಚಂದ್ರನನ್ನೂ ಋತುಗಳನ್ನೂ ಮಣ್ಣನ್ನೂ ಪವಿತ್ರವೆಂದು ಕಾಣುವ ಈ ಧರ್ಮವನ್ನು ಕಟ್ಟಿದವರು ರೈತರಲ್ಲ, ಕಾಡಿನಲ್ಲಿ ಬದುಕಿದವರೂ ಅಲ್ಲ. ವಸಾಹತುಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದ ಅಧಿಕಾರಿಗಳು, ಪಾಠ ಹೇಳುವ ಹೆಂಗಸರು, ಗ್ರಂಥಾಲಯಗಳಲ್ಲಿ ಬೆಳೆದ ನಗರದ ಓದುಗರು. ಪ್ರಾಚೀನತೆಯ ವಾದ ಬಿದ್ದುಹೋದ ಮೇಲೂ ಧರ್ಮ ಬೀಳಲಿಲ್ಲ. ಅದು ಏಕೆ ಬೀಳಲಿಲ್ಲ ಎಂಬುದು ತಿಳಿಯಬೇಕಾದರೆ, ಅದು ಯಾವ ಯಾವ ಸಾಮಗ್ರಿಗಳಿಂದ ಕಟ್ಟಲ್ಪಟ್ಟಿತು ಎಂಬುದನ್ನು ನೋಡಬೇಕು.

ಕಥೆ ಶುರುವಾಗುವುದು ಮಾಟಗಾತಿಯರ ವಿಚಾರಣೆಗಳಿಂದ. 15ನೇ ಶತಮಾನದಿಂದ 18ನೇ ಶತಮಾನದವರೆಗೆ ಯುರೋಪಿನ ನ್ಯಾಯಾಲಯಗಳು, ಸೈತಾನನೊಂದಿಗೆ ಒಪ್ಪಂದ ಮಾಡಿಕೊಂಡು ಮಾಟ ಮಾಡಿದರೆಂಬ ಆರೋಪದ ಮೇಲೆ, ಇತಿಹಾಸಕಾರರ ಈಗಿನ ಅಂದಾಜಿನಂತೆ 40,000ದಿಂದ 60,000 ಜನರನ್ನು ಕೊಂದವು. ಅವರಲ್ಲಿ ಬಹುಪಾಲು ಹೆಂಗಸರು. ವಿಕ್ಕಾ ಬರಹಗಳಲ್ಲಿ ಬಹುಕಾಲ ಕಾಣಿಸುತ್ತಿದ್ದ 90 ಲಕ್ಷ ಎಂಬ ಸಂಖ್ಯೆ 18ನೇ ಶತಮಾನದ ಜರ್ಮನ್ ಲೇಖಕನೊಬ್ಬನ ತಪ್ಪು ಲೆಕ್ಕದಿಂದ ಹುಟ್ಟಿ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದದ್ದು. ಅಂದಹಾಗೆ ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ನೇಣು ಹಾಕುತ್ತಿದ್ದರೇ ಹೊರತು ಸುಡುತ್ತಿರಲಿಲ್ಲ. ಹೀಗೆ ಸತ್ತವರಲ್ಲಿ ಬಹುತೇಕರು ಸಾಮಾನ್ಯ ಕ್ರೈಸ್ತರಾಗಿದ್ದರು ಎಂಬುದು ಇಂದಿನ ವಿದ್ವಾಂಸರ ಒಮ್ಮತ. ಆದರೆ 1921ರಲ್ಲಿ ಮಾರ್ಗರೆಟ್ ಮರ್ರೆ ಎಂಬ ವಿದುಷಿ ಇದಕ್ಕೆ ತದ್ವಿರುದ್ಧವಾದ ವಾದವನ್ನು ಮುಂದಿಟ್ಟರು.

ಮರ್ರೆ 1863ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದವರು, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಈಜಿಪ್ಟಿನ ಪ್ರಾಚೀನ ಇತಿಹಾಸ ಬೋಧಿಸುತ್ತಿದ್ದವರು. ಮೊದಲ ಮಹಾಯುದ್ಧದಿಂದಾಗಿ ಈಜಿಪ್ಟಿನ ಉತ್ಖನನಗಳು ದೂರವಾದಾಗ ಅವರು ಮಾಟದ ವಿಚಾರಣೆಗಳ ದಾಖಲೆಗಳತ್ತ ತಿರುಗಿದರು. ಆರೋಪಿಗಳು ಒಪ್ಪಿಕೊಂಡ ರಾತ್ರಿಕೂಟಗಳು ಕಲ್ಪನೆಯಲ್ಲ, ಕೊಂಬುಳ್ಳ ದೇವರೊಬ್ಬನನ್ನು ಪೂಜಿಸುತ್ತಿದ್ದ ಫಲವಂತಿಕೆಯ ಧರ್ಮವೊಂದರ ನಿಜವಾದ ಆಚರಣೆಗಳು, ಆ ದೇವರನ್ನೇ ಪಾದ್ರಿಗಳು ಸೈತಾನನೆಂದು ತಿಳಿದರು ಎಂಬುದು ಅವರ ವಾದ. 1929ರಲ್ಲಿ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಮಾಟವಿದ್ಯೆಯ ಲೇಖನವನ್ನು ಬರೆಯುವ ಅವಕಾಶವೂ ಅವರಿಗೇ ಸಿಕ್ಕಿದ್ದರಿಂದ, ಒಬ್ಬರ ಊಹೆ ಒಂದು ತಲೆಮಾರಿನ ಓದುಗರಿಗೆ ಸ್ಥಾಪಿತ ಸತ್ಯವಾಗಿ ತಲುಪಿತು. 1975ರಲ್ಲಿ ಇತಿಹಾಸಕಾರ ನಾರ್ಮನ್ ಕೋನ್ ಮೂಲ ದಾಖಲೆಗಳನ್ನು ಮತ್ತೆ ತೆರೆದು ನೋಡಿದಾಗ, ಮರ್ರೆ ಉದ್ಧರಿಸಿದ ಹೇಳಿಕೆಗಳಲ್ಲಿ ಆಕಾಶದಲ್ಲಿ ಹಾರಿದ, ಪ್ರಾಣಿಯ ರೂಪ ತಾಳಿದ ಅಸಂಭವ ಸಂಗತಿಗಳನ್ನು ಸದ್ದಿಲ್ಲದೆ ಕತ್ತರಿಸಿ, ನಂಬಬಹುದಾದ ಭಾಗಗಳನ್ನಷ್ಟೇ ಉಳಿಸಿಕೊಂಡಿದ್ದರು ಎಂಬುದು ಬಯಲಾಯಿತು. ಇತಿಹಾಸವಾಗಿ ಆ ವಾದ ಅಲ್ಲಿಗೆ ಮುಗಿಯಿತು. ಆದರೆ ಅಷ್ಟರಲ್ಲಿ ಅದನ್ನು ಬದುಕುವ ಜನರು ಹುಟ್ಟಿಕೊಂಡಾಗಿತ್ತು.

ಅವರಲ್ಲಿ ಮುಖ್ಯನಾದವನು ಜೆರಾಲ್ಡ್ ಗಾರ್ಡ್ನರ್. 1884ರಲ್ಲಿ ಲಿವರ್‌ಪೂಲಿನ ಬಳಿ ಸ್ಥಿತಿವಂತ ಮರದ ವ್ಯಾಪಾರಿಗಳ ಮನೆಯಲ್ಲಿ ಹುಟ್ಟಿದ ಈತ ಉಬ್ಬಸದ ರೋಗಿ, ಕ್ರಮಬದ್ಧ ಶಾಲಾಶಿಕ್ಷಣವಿಲ್ಲ. 1900ರಲ್ಲಿ ಸಿಲೋನಿನ ಚಹಾ ತೋಟಕ್ಕೆ ಕೆಲಸಕ್ಕೆ ಬಂದು, 1910ರಲ್ಲಿ ಕೊಲಂಬೊದಲ್ಲಿ ಗುಟ್ಟಿನ ದೀಕ್ಷಾವಿಧಿಗಳುಳ್ಳ ಫ್ರೀಮೇಸನ್ ಸಂಘಕ್ಕೆ ಸೇರಿ, ಮುಂದೆ ಬೋರ್ನಿಯೊ ಮತ್ತು ಮಲಯಾದ ರಬ್ಬರ್ ತೋಟಗಳಲ್ಲಿಯೂ ಸುಂಕದ ಇಲಾಖೆಯಲ್ಲಿಯೂ ದುಡಿದು, 1936ರಲ್ಲಿ ನಿವೃತ್ತನಾದ. ಮಲಯಾದ ಕ್ರಿಸ್ ಕಠಾರಿಗಳ ಬಗ್ಗೆ ಆತ ಬರೆದ ಪುಸ್ತಕವನ್ನು ಆ ವಿಷಯದ ತಜ್ಞರು ಇಂದಿಗೂ ಗೌರವಿಸುತ್ತಾರೆ. ಕತ್ತಿ ಮತ್ತು ಮಂತ್ರ ಎರಡೂ ಜೊತೆಯಾಗಿರುವ ಪೂರ್ವದ್ವೀಪಗಳ ಜನಜೀವನವನ್ನು ಹತ್ತಿರದಿಂದ ಕಂಡವನು ಮುಂದೆ ಕಟ್ಟಿದ ಧರ್ಮದ ಮುಖ್ಯ ಸಾಧನವೂ ಒಂದು ಕಠಾರಿಯೇ ಆದದ್ದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

1938ರಲ್ಲಿ ಗಾರ್ಡ್ನರ್ ಹೆಂಡತಿಯೊಂದಿಗೆ ನ್ಯೂ ಫಾರೆಸ್ಟ್ ಅರಣ್ಯದ ಅಂಚಿನಲ್ಲಿರುವ ಹೈಕ್ಲಿಫ್ ಊರಿಗೆ ಬಂದು ನೆಲೆಸಿದ. ಅಲ್ಲಿಗೆ ಹತ್ತಿರದ ಕ್ರೈಸ್ಟ್‌ಚರ್ಚ್ ಪಟ್ಟಣದಲ್ಲಿ ರೋಸಿಕ್ರೂಷಿಯನ್ ಎಂಬ ಗೂಢಪಂಥದ ಗುಂಪೊಂದು ಸಣ್ಣ ರಂಗಮಂದಿರ ಇಟ್ಟುಕೊಂಡು ಗೂಢವಿದ್ಯೆಯ ನಾಟಕಗಳನ್ನು ಆಡುತ್ತಿತ್ತು. ನಮ್ಮವರಿಗೆ ಹೋಂ ರೂಲ್ ಚಳವಳಿಯಿಂದಲೂ ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯಿಂದಲೂ ಪರಿಚಿತರಾದ ಆನಿ ಬೆಸೆಂಟರ ಮಗಳು ಮೇಬಲ್ ಬೆಸೆಂಟ್-ಸ್ಕಾಟ್ ಕೂಡ ಆ ಗುಂಪಿನಲ್ಲಿದ್ದರು. ಅದರೊಳಗೇ ಇದ್ದ ಇನ್ನೊಂದು ಚಿಕ್ಕ ಬಳಗದ ಮೂಲಕ, 1939ರ ಸೆಪ್ಟೆಂಬರಿನಲ್ಲಿ, ತಲೆತಲಾಂತರದಿಂದ ಉಳಿದುಬಂದ ಮಾಟಗಾತಿಯರ ಕೂಟಕ್ಕೆ ತಾನು ದೀಕ್ಷೆ ಪಡೆದೆನೆಂದು ಗಾರ್ಡ್ನರ್ ಹೇಳಿಕೊಂಡ. ಇಂಥ ಕೂಟಕ್ಕೆ ಕೋವೆನ್ ಎಂದು ಹೆಸರು. ಅದರ ಹಿರಿಯಳು 'ಓಲ್ಡ್ ಡೊರೊಥಿ' ಎಂಬಾಕೆ ಎಂದಷ್ಟೇ ಆತ ಹೇಳಿದ್ದ. ಅಂಥವಳೊಬ್ಬಳು ಇದ್ದಳೇ ಎಂಬ ಅನುಮಾನ 1980ರ ಹೊತ್ತಿಗೆ ಬಲವಾದಾಗ, ಗಾರ್ಡ್ನರನ ಶಿಷ್ಯೆ ಡೊರೀನ್ ವಾಲಿಯಂಟೆ ಜನನ, ಮರಣ, ಮದುವೆಯ ದಾಖಲೆಗಳ ಬೆನ್ನುಹತ್ತಿದರು. ಡೊರೊಥಿ ಕ್ಲಟರ್‌ಬಕ್ ಎಂಬ ಶ್ರೀಮಂತ ಮಹಿಳೆ ಹೈಕ್ಲಿಫ್‌ನಲ್ಲಿ ಇದ್ದದ್ದು ನಿಜ, ಆಕೆ 1880ರಲ್ಲಿ ಭಾರತದಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬನ ಮಗಳಾಗಿ ಹುಟ್ಟಿದ್ದೂ ನಿಜ. ಆಕೆ ಮಾಟಗಾತಿಯಾಗಿದ್ದಳು ಎಂಬುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಸಿಕ್ಕ ದಿನಚರಿಗಳು ಚರ್ಚಿಗೆ ಹೋಗುವ, ಹೂವು, ಹಕ್ಕಿ, ತೋಟಗಳ ಬಗ್ಗೆ ಪದ್ಯ ಬರೆಯುವ ಸಂಪ್ರದಾಯಸ್ಥ ಗೃಹಿಣಿಯ ಚಿತ್ರವನ್ನೇ ಕೊಡುತ್ತವೆ. ಗಾರ್ಡ್ನರನ ಸುತ್ತ ಗೂಢವಿದ್ಯೆಯಲ್ಲಿ ಆಸಕ್ತಿಯುಳ್ಳ ಗುಂಪೊಂದು ಇದ್ದಿರಬಹುದು, ಅವರೂ ಮರ್ರೆಯ ಪುಸ್ತಕ ಓದಿಯೇ ತಮ್ಮನ್ನು ಮಾಟಗಾತಿಯರೆಂದು ಕರೆದುಕೊಂಡಿರಬಹುದು ಎಂಬಲ್ಲಿಗೆ ಇಂದಿನ ಸಂಶೋಧನೆ ಬಂದು ನಿಂತಿದೆ.

ಗಾರ್ಡ್ನರ್ ತನ್ನ ಧರ್ಮವನ್ನು ಬಹಿರಂಗಪಡಿಸಿದ್ದು ಕಾನೂನು ಬದಲಾದ ಮೇಲೆ. ಬ್ರಿಟನ್ನಿನ 1735ರ ಮಾಟವಿದ್ಯೆ ಕಾಯ್ದೆಯನ್ನು ಎಷ್ಟೋ ಜನ ತಪ್ಪಾಗಿ ತಿಳಿದಿದ್ದಾರೆ. ಅದು ಮಾಟಗಾತಿಯರನ್ನು ಕೊಲ್ಲುವ ಕಾಯ್ದೆಯಲ್ಲ; ಮಾಟ ಎಂಬುದೇ ಸುಳ್ಳು ಎಂದು ಎಣಿಸಿ, ಮಾಟಶಕ್ತಿ ಇದೆಯೆಂದು ನಟಿಸುವವರನ್ನು ವಂಚಕರೆಂದು ಶಿಕ್ಷಿಸುವ ಕಾಯ್ದೆ. 1944ರಲ್ಲಿ ಸತ್ತವರೊಡನೆ ಮಾತನಾಡಬಲ್ಲೆನೆನ್ನುತ್ತಿದ್ದ ಹೆಲೆನ್ ಡಂಕನ್ ಎಂಬ ಪ್ರೇತಮಾಧ್ಯಮಿಗೆ ಅದರಡಿ ಒಂಬತ್ತು ತಿಂಗಳ ಸೆರೆಯಾಗಿ ದೊಡ್ಡ ಗುಲ್ಲಾದ ನಂತರ, 1951ರಲ್ಲಿ ಅದು ರದ್ದಾಯಿತು. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದ ಕ್ಯಾಸಲ್‌ಟೌನ್‌ನಲ್ಲಿ ಸೆಸಿಲ್ ವಿಲಿಯಮ್ಸನ್ ಮಾಟವಿದ್ಯೆಯ ವಸ್ತುಸಂಗ್ರಹಾಲಯ ತೆರೆದಾಗ ಗಾರ್ಡ್ನರ್ ಅಲ್ಲಿ ನೆಲೆಸಿದ ಮಾಟಗಾರನಾಗಿ ಪತ್ರಿಕೆಗಳ ಕಣ್ಣಿಗೆ ಬಿದ್ದ. 1954ರಲ್ಲಿ ಬಂದ ಆತನ 'ವಿಚ್‌ಕ್ರಾಫ್ಟ್ ಟುಡೆ' ಪುಸ್ತಕಕ್ಕೆ ತೊಂಬತ್ತು ದಾಟಿದ ಮರ್ರೆಯೇ ಮುನ್ನುಡಿ ಬರೆದರು. ಮರ್ರೆ ಊಹಿಸಿದ ಧರ್ಮವನ್ನು ತಾನು ಕಣ್ಣಾರೆ ಕಂಡೆನೆಂದು ಗಾರ್ಡ್ನರ್ ಹೇಳಿದ, ಗಾರ್ಡ್ನರ್ ಕಂಡದ್ದು ತನ್ನ ಊಹೆಗೆ ಸಾಕ್ಷಿಯೆಂದು ಮರ್ರೆ ಸಂತೋಷಪಟ್ಟರು.

ಆಚರಣೆಗಳ ಕೈಬರಹದ ಪುಸ್ತಕಕ್ಕೆ ವಿಕ್ಕಾದಲ್ಲಿ ಬುಕ್ ಆಫ್ ಶ್ಯಾಡೋಸ್ ಎನ್ನುತ್ತಾರೆ. ದೀಕ್ಷೆ ಪಡೆದವರು ಗುರುವಿನ ಪ್ರತಿಯನ್ನು ನೋಡಿ ತಮ್ಮ ಕೈಯಾರೆ ನಕಲು ಮಾಡಿಕೊಳ್ಳಬೇಕೆಂಬುದು ಹಳೆಯ ಪದ್ಧತಿ. ಗಾರ್ಡ್ನರನ ಪ್ರತಿ ಎಲ್ಲೆಲ್ಲಿಂದ ಬಂದಿದೆ ಎಂಬುದನ್ನು ಮೊದಲು ಗುರುತಿಸಿದವರು ವಿರೋಧಿಗಳಲ್ಲ, 1953ರಲ್ಲಿ ದೀಕ್ಷೆ ಪಡೆದು ಆತನ ಕೋವೆನ್‌ನ ಪ್ರಧಾನ ಪೂಜಾರಿಣಿಯಾದ ವಾಲಿಯಂಟೆಯೇ. ಮೂರು ಹಂತಗಳ ದೀಕ್ಷೆ, ಕಣ್ಣಿಗೆ ಬಟ್ಟೆ ಕಟ್ಟುವುದು, ಹಗ್ಗ ಬಿಗಿಯುವುದು ಫ್ರೀಮೇಸನ್ ಸಂಘದ್ದು. ವೃತ್ತ ಬರೆದು ದಿಕ್ಕುಗಳನ್ನು ಆವಾಹಿಸುವ ಕ್ರಮ ಸೊಲೊಮನ್ ರಾಜನ ಹೆಸರಿನ ಮಧ್ಯಯುಗದ ಮಾಂತ್ರಿಕ ಗ್ರಂಥಗಳದ್ದು, 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗೂಢಸಂಘದ್ದು. 1947ರಲ್ಲಿ ಗಾರ್ಡ್ನರ್ ಭೇಟಿಯಾಗಿದ್ದ ಕುಖ್ಯಾತ ಮಾಂತ್ರಿಕ ಅಲಿಸ್ಟರ್ ಕ್ರೌಲಿಯ ಸಾಲುಗಳೂ, ಅಮೆರಿಕದ ಚಾರ್ಲ್ಸ್ ಲೀಲಂಡ್ ಇಟಲಿಯ ಮಾಟಗಾತಿಯರ ಶಾಸ್ತ್ರವೆಂದು 1899ರಲ್ಲಿ ಪ್ರಕಟಿಸಿದ 'ಅರಾಡಿಯಾ'ದ ವಾಕ್ಯಗಳೂ, ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್ ಮಕ್ಕಳಿಗಾಗಿ ಬರೆದ ಪುಸ್ತಕದ ಮರಗಳ ಹಾಡಿನ ಚರಣವೂ ಅದರಲ್ಲಿದ್ದವು. ಪುಸ್ತಕದ ಹೆಸರಿನ ಮೂಲವನ್ನೂ ವಾಲಿಯಂಟೆ ಪತ್ತೆಹಚ್ಚಿದ್ದರು: ಅವರ ಪ್ರಕಾರ 1949ರ ಪತ್ರಿಕೆಯೊಂದರಲ್ಲಿ ಗಾರ್ಡ್ನರನ ಕಾದಂಬರಿಯ ಜಾಹೀರಾತಿನ ಎದುರು ಪುಟದಲ್ಲೇ, ಮನುಷ್ಯನ ನೆರಳನ್ನು ಅಳೆದು ಭವಿಷ್ಯ ಹೇಳುವ ಸಂಸ್ಕೃತ ಗ್ರಂಥವೊಂದರ ಬಗ್ಗೆ ಮೀರ್ ಬಶೀರ್ ಎಂಬ ಹಸ್ತಸಾಮುದ್ರಿಕನ ಲೇಖನ ಇದೇ ಶೀರ್ಷಿಕೆಯಲ್ಲಿ ಅಚ್ಚಾಗಿತ್ತು.

ಕ್ರೌಲಿಯ ಭಾಗಗಳ ಬಗ್ಗೆ ವಾಲಿಯಂಟೆ ತಕರಾರು ತೆಗೆದಾಗ, ಇದಕ್ಕಿಂತ ಚೆನ್ನಾಗಿ ಮಾಡಬಲ್ಲೆಯಾದರೆ ನೀನೇ ಮಾಡು ಎಂಬರ್ಥದ ಮಾತನ್ನು ಗಾರ್ಡ್ನರ್ ಆಡಿದನಂತೆ. ಅವರು ಮಾಡಿದರು. ದೇವಿಯೇ ಭಕ್ತರನ್ನುದ್ದೇಶಿಸಿ ಮಾತನಾಡುವ 'ಚಾರ್ಜ್ ಆಫ್ ದಿ ಗಾಡೆಸ್' ಎಂಬ ಗದ್ಯ ಇಂದು ವಿಕ್ಕಾದ ಅತ್ಯಂತ ಪ್ರಿಯ ಪಠ್ಯವಾಗಿದ್ದರೆ ಅದು ವಾಲಿಯಂಟೆಯ ಕೈಚಳಕ. ನೀನು ಹುಡುಕುತ್ತಿರುವುದನ್ನು ನಿನ್ನೊಳಗೆ ಕಾಣದಿದ್ದರೆ ಹೊರಗೆಲ್ಲೂ ಕಾಣಲಾರೆ ಎಂಬುದು ಅದರ ಕೊನೆಯ ಭಾಗದ ತಿರುಳು. ಗಾರ್ಡ್ನರ್ ಚೌಕಟ್ಟು ಹಾಕಿದ, ಅದಕ್ಕೆ ಜೀವ ತುಂಬಿದವರು ವಾಲಿಯಂಟೆ ಎಂದರೆ ಅತಿಶಯೋಕ್ತಿಯಾಗದು. 1957ರಲ್ಲಿ, ಪೂಜಾರಿಣಿಗೆ ವಯಸ್ಸಾದಾಗ ಕಿರಿಯಳಿಗೆ ಸ್ಥಾನ ಬಿಟ್ಟುಕೊಡಬೇಕೆಂಬ ನಿಯಮವುಳ್ಳ 'ಪ್ರಾಚೀನ ಕಟ್ಟಳೆ'ಗಳನ್ನು ಗಾರ್ಡ್ನರ್ ಇದ್ದಕ್ಕಿದ್ದಂತೆ ಹೊರತೆಗೆದಾಗ, ಅವು ಆತನೇ ಹೊಸೆದವು ಎಂದು ಗುರುತಿಸಿ ಅವರು ಕೋವೆನ್ ಬಿಟ್ಟು ಹೊರಬಂದರು.

ವಿಕ್ಕಾಕ್ಕೆ ಬೈಬಲ್ಲಿನಂಥ ಒಂದೇ ಶಾಸ್ತ್ರಗ್ರಂಥವಿಲ್ಲ, ಪೋಪನಿಲ್ಲ, ಎಲ್ಲರೂ ಒಪ್ಪಲೇಬೇಕಾದ ಸಿದ್ಧಾಂತವೂ ಇಲ್ಲ. ಆದರೂ ಬಹುಪಾಲು ಜನರಿಗೆ ಸಮಾನವಾದ ನಂಬಿಕೆಗಳಿವೆ. ದೈವ ಜಗತ್ತಿನ ಹೊರಗೆ ಕುಳಿತು ಆಳುವುದಲ್ಲ, ಜಗತ್ತಿನೊಳಗೇ ಇರುವುದು. ಅದು ದೇವಿ ಮತ್ತು ದೇವ ಎಂಬ ಜೋಡಿಯಾಗಿ ಕಾಣಿಸಿಕೊಳ್ಳುತ್ತದೆ. ದೇವಿಗೆ ಚಂದ್ರನ ನಂಟು. ಬೆಳೆಯುವ, ತುಂಬಿದ, ಕರಗುವ ಚಂದ್ರನಂತೆ ಆಕೆ ಕನ್ಯೆ, ತಾಯಿ, ಮುದುಕಿ ಎಂಬ ಮೂರು ರೂಪ ತಾಳುತ್ತಾಳೆ. ಈ ತ್ರಿರೂಪವನ್ನು ಜನಪ್ರಿಯಗೊಳಿಸಿದ್ದು ಕವಿ ರಾಬರ್ಟ್ ಗ್ರೇವ್ಸ್‌ನ 1948ರ ಪುಸ್ತಕ. ದೇವನಿಗೆ ಜಿಂಕೆಯ ಅಥವಾ ಮೇಕೆಯ ಕೊಂಬುಗಳಿವೆ. ಬೇಟೆ, ಕಾಡು, ಸೂರ್ಯ, ಸಾವು ಆತನ ಪಾಲಿನವು. ಆ ಕೊಂಬುಗಳನ್ನು ಕಂಡವರು ಸೈತಾನನ ಆರಾಧನೆ ಎಂದು ತಿಳಿಯುತ್ತಾರೆ, ಆದರೆ ಸೈತಾನ ಕ್ರೈಸ್ತ ಕಲ್ಪನೆಯ ಪಾತ್ರ. ವಿಕ್ಕಾದಲ್ಲಿ ಪರಮ ಕೇಡಿನ ಕಲ್ಪನೆಯೇ ಇಲ್ಲದ್ದರಿಂದ ಅವನಿಗೆ ಅಲ್ಲಿ ಜಾಗವಿಲ್ಲ.

ನೀತಿಯ ವಿಷಯದಲ್ಲಿ ಇರುವುದು ಒಂದೇ ಒಂದು ಸೂತ್ರ: ಯಾರಿಗೂ ಕೇಡಾಗದಿದ್ದರೆ ನಿನಗೆ ಬೇಕಾದುದನ್ನು ಮಾಡು. ವಿಕ್ಕನ್ ರೀಡ್ ಎಂದು ಕರೆಯುವ ಇದು ಹಗುರವಾಗಿ ಕೇಳಿಸಿದರೂ, 'ಯಾರಿಗೂ' ಎಂಬುದರಲ್ಲಿ ಪ್ರಾಣಿ, ಗಿಡ, ನದಿ, ತಾನು ಎಲ್ಲವನ್ನೂ ಸೇರಿಸಿಕೊಳ್ಳುವವರಿಗೆ ಪಾಲಿಸಲು ಬಹಳ ಕಷ್ಟದ ನಿಯಮ. ಮಾಡಿದ್ದು ಮೂರು ಪಟ್ಟಾಗಿ ಮರಳಿ ಬರುತ್ತದೆ ಎಂಬ ನಂಬಿಕೆಯೂ ಹಲವರಲ್ಲಿದೆ. ಮರುಹುಟ್ಟನ್ನು ಹೆಚ್ಚಿನವರು ಒಪ್ಪುತ್ತಾರೆ. ಸತ್ತ ಜೀವ ಮುಂದಿನ ಜನ್ಮದ ತನಕ ಸಮ್ಮರ್‌ಲ್ಯಾಂಡ್ ಎಂಬ ಲೋಕದಲ್ಲಿ ವಿಶ್ರಮಿಸುತ್ತದೆ ಎನ್ನುತ್ತಾರೆ. ಕರ್ಮ ಮತ್ತು ಪುನರ್ಜನ್ಮದ ಈ ಮಾತುಗಳು ಕನ್ನಡದ ಓದುಗರಿಗೆ ಪರಿಚಿತವಾಗಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ, ಇವು ಇಂಗ್ಲೆಂಡಿನ ಗೂಢವಿದ್ಯೆಯ ವಲಯಗಳಿಗೆ ತಲುಪಿದ ಮುಖ್ಯ ದಾರಿ ಥಿಯಾಸಫಿಯೇ. ಆದರೆ ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು: ವಿಕ್ಕಾದಲ್ಲಿ ಮರುಹುಟ್ಟು ಬಿಡಿಸಿಕೊಳ್ಳಬೇಕಾದ ಬಂಧನವಲ್ಲ, ಪ್ರೀತಿಪಾತ್ರರ ನಡುವೆ ಮತ್ತೆ ಹುಟ್ಟಿಬರುವ ವರ. ಈ ಲೋಕ ಮತ್ತು ಈ ಮೈ ಅಲ್ಲಿ ಮಾಯೆಯೂ ಅಲ್ಲ, ಪಾಪವೂ ಅಲ್ಲ. ಆರಂಭದ ಕೋವೆನ್‌ಗಳು ಬೆತ್ತಲೆಯಾಗಿ ಪೂಜಿಸುತ್ತಿದ್ದುದರ ಹಿಂದೆ ಈ ವಿಚಾರವಿದ್ದಂತೆ, ಗಾರ್ಡ್ನರನಿಗೆ ಆರೋಗ್ಯಕ್ಕಾಗಿ ಅಂಟಿಕೊಂಡಿದ್ದ ನಗ್ನತಾವಾದಿ ಕ್ಲಬ್ಬುಗಳ ಅಭ್ಯಾಸವೂ ಇತ್ತು.

ಆಚರಣೆ ಹೇಗಿರುತ್ತದೆ ಎಂಬುದನ್ನು ಹುಣ್ಣಿಮೆಯ ಕೂಟವೊಂದನ್ನು ಹಿಡಿದು ನೋಡಬಹುದು. ಇದಕ್ಕೆ ಗುಡಿ ಬೇಕಿಲ್ಲ. ಕಾಡಿನ ಬಯಲಿನಲ್ಲಿ ನಡೆಯುವಂತೆಯೇ, ನಡುಮನೆಯ ಸೋಫಾಗಳನ್ನು ಗೋಡೆಗೆ ಸರಿಸಿಯೂ ನಡೆಯುತ್ತದೆ. ಉದ್ದ ಹಿಡಿಯ ಪೊರಕೆಯಿಂದ ಜಾಗವನ್ನು ಗುಡಿಸಿ, ಬಟ್ಟಲಿನ ನೀರಿಗೆ ಕಪ್ಪು ಹಿಡಿಯ ಕಠಾರಿಯ ಮೊನೆ ಅದ್ದಿ ಶುದ್ಧಿ ಮಾಡಿ, ಉಪ್ಪು ಬೆರೆಸಿ ಸುತ್ತಲೂ ಚಿಮುಕಿಸುತ್ತಾರೆ. ಅಥಾಮೆ ಎಂಬ ಈ ಇಬ್ಬಾಯಿಯ ಕಠಾರಿಯಿಂದ ಏನನ್ನೂ ಕತ್ತರಿಸುವಂತಿಲ್ಲ. ಗಿಡಮೂಲಿಕೆ ಕೊಯ್ಯಲು, ಮೇಣದಬತ್ತಿ ಕೆತ್ತಲು ಬೇರೆ ಬಿಳಿ ಹಿಡಿಯ ಚಾಕು ಇರುತ್ತದೆ. ಪೂಜಾರಿಣಿ ಅಥಾಮೆಯನ್ನು ಚಾಚಿ, ಬಲಸುತ್ತಿನಲ್ಲಿ ನಡೆಯುತ್ತ ಒಂಬತ್ತು ಅಡಿ ಅಗಲದ ವೃತ್ತವೊಂದನ್ನು ಗಾಳಿಯಲ್ಲೇ ಗೆರೆ ಎಳೆಯುತ್ತಾಳೆ. ಮುಗಿಯುವ ತನಕ ಅದರೊಳಗಿನ ಜಾಗ ಈ ಲೋಕಕ್ಕೂ ದೇವತೆಗಳ ಲೋಕಕ್ಕೂ ನಡುವಿನದು. ಪೂರ್ವದಲ್ಲಿ ಗಾಳಿ, ದಕ್ಷಿಣದಲ್ಲಿ ಬೆಂಕಿ, ಪಶ್ಚಿಮದಲ್ಲಿ ನೀರು, ಉತ್ತರದಲ್ಲಿ ಮಣ್ಣು ಎಂದು ನಾಲ್ಕು ದಿಕ್ಕುಗಳ ಶಕ್ತಿಗಳನ್ನು ಕರೆಯುತ್ತಾರೆ. ಐದನೆಯದಾದ ಚೈತನ್ಯವನ್ನೂ ಸೇರಿಸಿಕೊಂಡು ಈ ಐದನ್ನು ಸೂಚಿಸುವುದೇ ವೃತ್ತದೊಳಗಿನ ಐದು ಮೊನೆಯ ನಕ್ಷತ್ರ.

ಅನಂತರ ಬರುವುದು 'ಚಂದ್ರನನ್ನು ಇಳಿಸುವ' ವಿಧಿ. ಪೂಜಾರಿಣಿ ಪೀಠಕ್ಕೆ ಬೆನ್ನು ಮಾಡಿ ನಿಲ್ಲುತ್ತಾಳೆ, ಪೂಜಾರಿ ಆಕೆಯ ಮುಂದೆ ಮಂಡಿಯೂರಿ ದೇವಿಯನ್ನು ಆಕೆಯೊಳಗೆ ಆವಾಹಿಸುತ್ತಾನೆ, ಆಮೇಲೆ ಆಕೆ ಆಡುವ ಮಾತು ದೇವಿಯ ಮಾತು. ನಮ್ಮ ಕಡೆ ಜಾತ್ರೆಗಳಲ್ಲಿ ದೇವಿ ಮೈಮೇಲೆ ಬರುವುದನ್ನು ಕಂಡವರಿಗೆ ಇದರ ತತ್ತ್ವ ಹೊಸದೆನಿಸದು; ಆದರೆ ಇಲ್ಲಿ ಆವೇಶ, ನಡುಕ ಕಡಿಮೆ, ಎಷ್ಟೋ ಸಲ ಬಾಯಿಪಾಠವಾಗಿರುವ ಚಾರ್ಜ್ ಅನ್ನೇ ಶಾಂತವಾಗಿ ಹೇಳಲಾಗುತ್ತದೆ. ಕೊನೆಯಲ್ಲಿ ಒಬ್ಬರು ದ್ರಾಕ್ಷಾರಸದ ಪಾತ್ರೆ ಹಿಡಿಯುತ್ತಾರೆ, ಇನ್ನೊಬ್ಬರು ಅಥಾಮೆಯನ್ನು ಅದರೊಳಗೆ ಇಳಿಸುತ್ತಾರೆ. ಗಂಡು ಹೆಣ್ಣಿನ ಕೂಡುವಿಕೆಯಿಂದ ಸೃಷ್ಟಿ ಎಂಬುದರ ಸಂಕೇತ ಅದು. ಎಲ್ಲರೂ ಕೇಕು ಹಂಚಿ ತಿಂದು, ಪಾತ್ರೆಯನ್ನು ಕೈಯಿಂದ ಕೈಗೆ ದಾಟಿಸಿ ಕುಡಿದು, ದಿಕ್ಕುಗಳ ಶಕ್ತಿಗಳನ್ನು ಬೀಳ್ಕೊಟ್ಟು ವೃತ್ತ ಬಿಚ್ಚುತ್ತಾರೆ. ಮಿಕ್ಕ ಪ್ರಸಾದದಲ್ಲಿ ಒಂದು ಪಾಲನ್ನು ಮಣ್ಣಿಗೆ ಸುರಿಯುವುದು ರೂಢಿ.

ಹುಣ್ಣಿಮೆಯ ಕೂಟಗಳಲ್ಲದೆ ವರ್ಷಕ್ಕೆ ಎಂಟು ಹಬ್ಬಗಳಿವೆ. ಅಕ್ಟೋಬರ್ 31ರ ಸಾವಿನ್ ಸತ್ತ ಹಿರಿಯರನ್ನು ನೆನೆಯುವ ದಿನ. ಹೆಚ್ಚಿನವರಿಗೆ ವರ್ಷದ ಆರಂಭ ಅದೇ. ಡಿಸೆಂಬರಿನಲ್ಲಿ ಹಗಲು ಅತಿ ಕಿರಿದಾದ ದಿನ ಯೂಲ್, ಅಂದು ದೇವಿ ಸೂರ್ಯನಾದ ದೇವನನ್ನು ಹಡೆಯುತ್ತಾಳೆ. ಫೆಬ್ರುವರಿಯ ಮೊದಲಲ್ಲಿ ಇಂಬೋಲ್ಕ್, ಮಾರ್ಚಿನ ಸಮರಾತ್ರಿಗೆ ಒಸ್ಟಾರಾ, ಮೇ 1ಕ್ಕೆ ದೇವಿ ಮತ್ತು ದೇವ ಕೂಡುವ ಹಬ್ಬ ಬೆಲ್ಟೇನ್, ಜೂನಿನ ದೀರ್ಘ ಹಗಲಿಗೆ ಲಿಥಾ, ಆಗಸ್ಟ್ 1ಕ್ಕೆ ಕೊಯ್ಲಿನ ಲೂನಸಾ, ಸೆಪ್ಟೆಂಬರಿನ ಸಮರಾತ್ರಿಗೆ ಮೇಬನ್. ಅಷ್ಟರಲ್ಲಿ ದೇವನಿಗೆ ಮುಪ್ಪು ಬಂದು, ಪೈರಿನೊಡನೆ ಆತನೂ ಸತ್ತು, ಯೂಲ್‌ನಲ್ಲಿ ಮತ್ತೆ ಹುಟ್ಟುತ್ತಾನೆ. ಈ ಕಥನದ ಸೊಗಸನ್ನು ಅಲ್ಲಗಳೆಯಲಾಗದು. ಆದರೆ ಎಂಟನ್ನೂ ಒಟ್ಟಿಗೆ ಆಚರಿಸುತ್ತಿದ್ದ ಪ್ರಾಚೀನ ಜನಾಂಗ ಯಾವುದೂ ಇತಿಹಾಸಕ್ಕೆ ತಿಳಿದಿಲ್ಲ. ಐರಿಶ್ ಜನರ ನಾಲ್ಕು ಹಬ್ಬಗಳೂ ಸೂರ್ಯನ ಚಲನೆಯ ನಾಲ್ಕು ದಿನಗಳೂ ಸಮಾನ ಸ್ಥಾನದಲ್ಲಿ ಒಂದೇ ಚಕ್ರವಾದದ್ದು 1958ರಲ್ಲಿ, ಲಂಡನ್ನಿನ ಉತ್ತರದ ಬ್ರಿಕೆಟ್ ವುಡ್‌ನಲ್ಲಿದ್ದ ಗಾರ್ಡ್ನರನ ಕೋವೆನ್‌ನವರು ಹಬ್ಬಗಳು ಇನ್ನಷ್ಟು ಬೇಕೆಂದು ಕೇಳಿಕೊಂಡಾಗ. ಒಸ್ಟಾರಾ, ಲಿಥಾ, ಮೇಬನ್ ಎಂಬ ಹೆಸರುಗಳನ್ನು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಏಡನ್ ಕೆಲ್ಲಿ ಸೇರಿಸಿದರು.

ಇನ್ನು ನಿಸರ್ಗಧರ್ಮ ಎಂಬ ವಿಶೇಷಣದ ವಿಚಾರ. ಗಾರ್ಡ್ನರ್ ವಿವರಿಸಿದ ಧರ್ಮದ ಗುರಿ ನಿಸರ್ಗವನ್ನು ಕಾಪಾಡುವುದಾಗಿರಲಿಲ್ಲ. ಬೆಳೆ, ದನಕರು ಮತ್ತು ಮನುಷ್ಯರ ಫಲವಂತಿಕೆ, ಜೊತೆಗೆ ಒಂದಿಷ್ಟು ಮಾಂತ್ರಿಕ ಶಕ್ತಿ ಅದರ ಗುರಿಯಾಗಿದ್ದವು. ಹಾಗೆ ನೋಡಿದರೆ ಬೆಳೆಯ ಫಲವಂತಿಕೆಗಾಗಿ ಕುಣಿದ ಆ ಮೊದಲ ಕೋವೆನ್‌ಗಳಲ್ಲಿ ಬೆಳೆ ಬೆಳೆಯುವವರು ಹುಡುಕಿದರೂ ಸಿಗುತ್ತಿರಲಿಲ್ಲ. ಆದರೂ ನಿಸರ್ಗಕ್ಕೆ ಮರಳುವ ಹಂಬಲ ಗಾರ್ಡ್ನರನಿಗಿಂತ ಹಳೆಯದು. 1851ರ ಜನಗಣತಿಯ ಹೊತ್ತಿಗೇ ಇಂಗ್ಲೆಂಡ್ ಮತ್ತು ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣಗಳನ್ನು ಸೇರಿಯಾಗಿತ್ತು. ಕಲ್ಲಿದ್ದಲಿನ ಹೊಗೆಯ ನಡುವೆ ಬದುಕಿದ ಆ ಸಮಾಜದ ಕವಿಗಳು ಹಳ್ಳಿಯ ಹಸಿರನ್ನು, ಗ್ರೀಕರ ಪ್ಯಾನ್ ದೇವನನ್ನು, ಬೆಳದಿಂಗಳಿನ ದೇವಿಯನ್ನು ಶತಮಾನದುದ್ದಕ್ಕೂ ಹಾಡಿಕೊಂಡು ಬಂದಿದ್ದರು. ಜನಪದ ನೃತ್ಯ, ಜನಪದ ಗೀತೆಗಳ ಸಂಗ್ರಹ, ಚಾರಣದ ಸಂಘಗಳು ಇದೇ ಹಂಬಲದ ಬೇರೆ ಬೇರೆ ಮುಖಗಳು. ವಿಕ್ಕಾದ ದೇವಿ ಮತ್ತು ಕೊಂಬಿನ ದೇವ ಗುಟ್ಟಿನ ಕೋವೆನ್‌ಗಳಿಂದ ಬಂದದ್ದಕ್ಕಿಂತ ಹೆಚ್ಚಾಗಿ ಈ ಸಾಹಿತ್ಯದಿಂದ ಎದ್ದುಬಂದವರು ಎಂಬುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ರೊನಾಲ್ಡ್ ಹಟ್ಟನ್ 1999ರಲ್ಲಿ ಸಾಧಾರವಾಗಿ ತೋರಿಸಿದರು. ವಾಲಿಯಂಟೆಯ ಸ್ಮರಣೆಗಾಗಿ 2013ರಲ್ಲಿ ಹಾಕಿದ ನೀಲಿ ಫಲಕವಿರುವುದು ಯಾವ ಕಾಡಂಚಿನ ಕುಟೀರದ ಮೇಲೂ ಅಲ್ಲ, ಬ್ರೈಟನ್ ನಗರದಲ್ಲಿ ಅವರು ವಾಸವಿದ್ದ ಪುರಸಭೆಯ ಬಹುಮಹಡಿ ವಸತಿ ಕಟ್ಟಡದ ಮೇಲೆ.

ಫಲವಂತಿಕೆಯ ಧರ್ಮ ಪರಿಸರದ ಧರ್ಮವಾಗಿ ಹೊರಳಿದ್ದು ಅಮೆರಿಕದಲ್ಲಿ. ಗಾರ್ಡ್ನರನ ಪರಂಪರೆಯನ್ನು 1960ರ ದಶಕದಲ್ಲಿ ಅಲ್ಲಿಗೆ ಒಯ್ದವರು ಇಂಗ್ಲೆಂಡಿನಿಂದ ವಲಸೆ ಹೋದ ರೇಮಂಡ್ ಬಕ್‌ಲ್ಯಾಂಡ್ ದಂಪತಿ. 1970ರಲ್ಲಿ ಮೊದಲ ಭೂಮಿ ದಿನಾಚರಣೆ ನಡೆಯಿತು, ಸ್ತ್ರೀವಾದಿ ಚಳವಳಿ ಕಾವೇರಿತ್ತು, ಭೂಮಿಯನ್ನು ತಾಯಿಯಾಗಿಯೂ ಹೆಣ್ಣನ್ನು ಪೂಜಾರಿಣಿಯಾಗಿಯೂ ಕಾಣುವ ಧರ್ಮವೊಂದು ಎರಡೂ ಚಳವಳಿಗಳಿಗೆ ಒಪ್ಪಿಗೆಯಾಯಿತು. 1974ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಸೇರಿದ ಅಮೆರಿಕದ ಮಾಟಗಾತಿಯರ ಮಂಡಳಿ 13 ತತ್ತ್ವಗಳನ್ನು ಪ್ರಕಟಿಸಿತು. ನಿಸರ್ಗದೊಡನೆ ಹೊಂದಿಕೊಂಡು, ಪರಿಸರದ ಸಮತೋಲನಕ್ಕೆ ತಕ್ಕಂತೆ ಬದುಕುವ ಹೊಣೆ ಅದರ ಆರಂಭದಲ್ಲೇ ಬರುತ್ತದೆ. ಅದಕ್ಕಿಂತಲೂ ಮಹತ್ವದ್ದೆಂದು ನನಗೆ ಅನಿಸುವುದು ಅದೇ ಪಟ್ಟಿಯ ಇನ್ನೊಂದು ತತ್ತ್ವ: ತಮ್ಮ ಧರ್ಮದ ಇತಿಹಾಸ ಮತ್ತು ಮೂಲದ ಕುರಿತ ಚರ್ಚೆಗಳಿಂದ ತಮಗೆ ಅಳುಕಿಲ್ಲ, ತಮ್ಮ ಕಾಳಜಿ ಇರುವುದು ವರ್ತಮಾನ ಮತ್ತು ಭವಿಷ್ಯದ ಬಗ್ಗೆ ಎಂದು ಅವರು ಬರೆದರು. ಮರ್ರೆಯ ವಾದದ ಮೇಲೆ ಕೋನ್ ಕೊನೆಯ ಏಟು ಹಾಕುವುದಕ್ಕೆ ಒಂದು ವರ್ಷ ಮೊದಲೇ, ಆ ಏಟು ತಗುಲದ ಜಾಗಕ್ಕೆ ವಿಕ್ಕಾ ಸರಿದು ನಿಂತಿತ್ತು. 1979ರಲ್ಲಿ ಪುಸ್ತಕ ಬರೆದು ಸ್ತ್ರೀವಾದಿ ಮಾಟಗಾತಿಯರ ದನಿಯಾದ ಸ್ಟಾರ್‌ಹಾಕ್ ಮತ್ತು ಸಂಗಡಿಗರು, 1981ರಲ್ಲಿ ಕ್ಯಾಲಿಫೋರ್ನಿಯಾದ ಡಯಾಬ್ಲೊ ಕ್ಯಾನ್ಯನ್ ಅಣುಸ್ಥಾವರದ ಎದುರಿನ ತಡೆ ಚಳವಳಿಗೂ ಈ ಆಚರಣೆಗಳನ್ನು ಒಯ್ದರು.

ಕೋವೆನ್‌ಗೆ ಸೇರದೆ ಒಬ್ಬರೇ ಆಚರಿಸುವ ಪದ್ಧತಿಯೂ ಬೇಗ ಹಬ್ಬಿತು. ಸ್ಕಾಟ್ ಕನ್ನಿಂಗ್‌ಹ್ಯಾಮ್ 1988ರಲ್ಲಿ ಒಂಟಿ ಸಾಧಕರಿಗೆಂದೇ ಬರೆದ ಕೈಪಿಡಿಯ ನಂತರ, ದೀಕ್ಷೆ ಕೊಡುವ ಗುರು ಸಿಗಲಿಲ್ಲವೆಂಬುದು ಯಾರಿಗೂ ಅಡ್ಡಿಯಾಗಲಿಲ್ಲ. ಹಳೆಯ ಪರಂಪರೆಯ ಕೋವೆನ್‌ಗಳಲ್ಲಿ ಕೆಲವರಿಗೆ ಇದು ಸರಿಬರುವುದಿಲ್ಲ. ವಿಕ್ಕಾ ಎಂದರೆ ದೀಕ್ಷೆಯ ಮೂಲಕವಷ್ಟೇ ತಿಳಿಯುವ ರಹಸ್ಯಧರ್ಮ, ಮರ ನೆಡುವುದು ಒಳ್ಳೆಯ ಕೆಲಸವೇ ಆದರೂ ಅದು ವಿಕ್ಕಾ ಅಲ್ಲ ಎಂಬುದು ಅವರ ನಿಲುವು. ಇತ್ತ ಕಾನೂನಿನ ಮನ್ನಣೆ ನಿಧಾನವಾಗಿ ದೊರೆಯಿತು. 1986ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ವರ್ಜೀನಿಯಾದ ಕೈದಿಯೊಬ್ಬನ ಮೊಕದ್ದಮೆಯಲ್ಲಿ ಮೇಣದಬತ್ತಿ ಮುಂತಾದ ಪೂಜಾಸಾಮಗ್ರಿಯನ್ನು ನಿರಾಕರಿಸಿದರೂ, ವಿಕ್ಕಾ ಒಂದು ಧರ್ಮವೆಂಬುದನ್ನು ಒಪ್ಪಿತು. 2007ರಲ್ಲಿ, ಅಫ್ಘಾನಿಸ್ತಾನದಲ್ಲಿ ಮಡಿದ ಸೈನಿಕನೊಬ್ಬನ ಹೆಂಡತಿ ಮತ್ತಿತರರು ಹೂಡಿದ ಹೋರಾಟದ ಫಲವಾಗಿ, ಸೈನಿಕರ ಸಮಾಧಿಫಲಕಗಳ ಮೇಲೆ ಶಿಲುಬೆಯ ಸಾಲಿನಲ್ಲೇ ಐದು ಮೊನೆಯ ನಕ್ಷತ್ರವನ್ನೂ ಕೆತ್ತಲು ಸರ್ಕಾರ ಅನುಮತಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ 2011ರ ಜನಗಣತಿಯಲ್ಲಿ 11,766 ಮಂದಿ ತಮ್ಮ ಧರ್ಮ ವಿಕ್ಕಾ ಎಂದು ಬರೆಸಿದ್ದರು. 2021ರಲ್ಲಿ ಆ ಸಂಖ್ಯೆ ಸುಮಾರು 13,000. ಪೇಗನ್ (ಕ್ರೈಸ್ತಪೂರ್ವ ಧರ್ಮಗಳ ದಾರಿಯವರು) ಎಂದಷ್ಟೇ ಬರೆಸಿದವರು ಬೇರೆ ಸುಮಾರು 74,000.

ಭಾರತದಲ್ಲಿ ತಾನು ವಿಕ್ಕಾ ಅನುಯಾಯಿ ಎಂದು 1980ರ ದಶಕದಲ್ಲೇ ಬಹಿರಂಗವಾಗಿ ಹೇಳಿಕೊಂಡವರು ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ. ಮಾಟಗಾತಿ ಎಂಬ ಹೆಸರನ್ನು ಹೆಮ್ಮೆಯಿಂದ ಹೊತ್ತುಕೊಳ್ಳುವುದು ಲಂಡನ್ನಿನಲ್ಲಿ ಒಂದು ಆಯ್ಕೆ, ಜಾರ್ಖಂಡದ ಹಳ್ಳಿಯಲ್ಲಿ ಅದೇ ಹೆಸರು ಇಂದಿಗೂ ವಿಧವೆಯೊಬ್ಬಳ ಜೀವ ತೆಗೆಯಬಲ್ಲದು. ಈ ವಿಷಯವನ್ನು ಚಕ್ರವರ್ತಿಯವರೂ ಎತ್ತಿದ್ದಾರೆ. ಕರ್ನಾಟಕದಲ್ಲಿ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಮೌಢ್ಯವಿರೋಧಿ ಕಾನೂನು ತಡೆಯಹೊರಟಿರುವ ಭಾನಾಮತಿ, ವಾಮಾಚಾರಗಳಿಗೂ ಇಲ್ಲಿ ವಿವರಿಸಿದ ಧರ್ಮಕ್ಕೂ ಯಾವ ಸಂಬಂಧವೂ ಇಲ್ಲ.

ನಿಸರ್ಗಧರ್ಮವೆಂಬ ಹೆಸರಿಗೆ ನಿಜವಾದ ಪರೀಕ್ಷೆ ಎದುರಾದದ್ದು ವಿಕ್ಕಾ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಹೋದಾಗ. ಪುಸ್ತಕದಲ್ಲಿ ಡಿಸೆಂಬರಿನ ಯೂಲ್ ಚಳಿಗಾಲದ ಹಬ್ಬ, ಅಲ್ಲಿ ಡಿಸೆಂಬರ್ ಕಡುಬೇಸಗೆ. ಸೂರ್ಯ ಅಲ್ಲಿ ಉತ್ತರದ ಬಾನಿನಲ್ಲಿ ಸಾಗುವುದರಿಂದ ಬಿಸಿಲಿನ ದಿಕ್ಕು ಉತ್ತರ, ಅವನ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧ. ಅಲ್ಲಿನ ಬಹುಪಾಲು ಸಾಧಕರು ಪುಸ್ತಕವನ್ನು ಬಿಟ್ಟು ಬಾನನ್ನು ನಂಬಿದರು: ಯೂಲ್ ಜೂನಿಗೆ ಬಂತು, ಬೆಂಕಿ ಉತ್ತರಕ್ಕೆ ಹೋಯಿತು, ವೃತ್ತವನ್ನು ಎಡಸುತ್ತಿನಲ್ಲಿ ಎಳೆಯುವುದು ರೂಢಿಯಾಯಿತು. ಎಲ್ಲರೂ ಹಾಗೆ ಮಾಡಲಿಲ್ಲ. ಗುರುಪರಂಪರೆಯಿಂದ ಬಂದ ವಿಧಿಯಲ್ಲಿ ಒಂದು ದಿಕ್ಕನ್ನು ಬದಲಿಸಿದರೂ ಅದು ಕೆಡುತ್ತದೆ ಎನ್ನುವವರು ಅಲ್ಲಿಯೂ ಇದ್ದಾರೆ, ಬೆಂಕಿಯ ಬತ್ತಿಯನ್ನು ಅವರು ಈಗಲೂ ದಕ್ಷಿಣಕ್ಕೇ ಹಚ್ಚಿಡುತ್ತಾರೆ.